ಮೆಂಟರಿಂಗ್ ಶುರು ಮಾಡೋಕೆ ಏನೇನು ರಿಜಿಸ್ಟ್ರೇಶನ್ ಬೇಕು?

"ಮನೆಯಿಂದಲೇ ಆನ್‌ಲೈನ್‌ನಲ್ಲಿ ಏಳೆಂಟು ಜನರಿಗೆ ಕೆರಿಯರ್ ಮೆಂಟರಿಂಗ್ ಮಾಡ್ತಿದ್ದೀನಿ. ಏನೇನು ರಿಜಿಸ್ಟ್ರೇಶನ್ ಮಾಡಿಸಬೇಕು?" ಹೀಗೆ ಕೇಳುವವರಲ್ಲಿ ಎಷ್ಟೋ ಜನ ಅಷ್ಟರಲ್ಲಾಗಲೇ ಕಂಪನಿ ತೆರೆಯಲು ಕೊಟೇಶನ್ ತರಿಸಿಕೊಂಡಿರುತ್ತಾರೆ. ಸದ್ಯಕ್ಕೆ ಅದು ಬೇಡ. ಒಬ್ಬರೇ ನಡೆಸುವ ಕೆಲಸಕ್ಕೆ ನಿಮ್ಮ ಪ್ಯಾನ್ ಸಾಕು. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡರೆ ಆದಾಯ ಸೊನ್ನೆಯಾದರೂ ವರ್ಷವರ್ಷ ಆಡಿಟ್, ರಿಟರ್ನ್ ತಪ್ಪಿದ್ದಲ್ಲ.

ನಿಜವಾಗಿ ಎಡವುವುದು ಜಿಎಸ್‌ಟಿ ಲೆಕ್ಕದಲ್ಲಿ. ಕರ್ನಾಟಕದಲ್ಲಿ ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅದು ಲಾಭವಲ್ಲ, ವಹಿವಾಟು. ಮೆಂಟರಿಂಗ್ ಒಂದರದ್ದೂ ಅಲ್ಲ, ನಿಮ್ಮ ಪ್ಯಾನ್ ಮೇಲಿನ ಎಲ್ಲದರದ್ದು. ತಿಂಗಳಿಗೆ 8 ಜನ, ತಲಾ 20,000 ರೂಪಾಯಿ ಅಂದರೆ ವರ್ಷಕ್ಕೆ 19.2 ಲಕ್ಷ. ಬಚಾವ್ ಅಂದುಕೊಳ್ಳುತ್ತೀರಿ. ಮೇಲಿನ ಮನೆಯ ಬಾಡಿಗೆ ತಿಂಗಳಿಗೆ 10,000 ಬರುತ್ತಿದ್ದರೆ ಅದಕ್ಕೆ ತೆರಿಗೆ ಇಲ್ಲದಿದ್ದರೂ ವಹಿವಾಟಿಗೆ ಸೇರುತ್ತದೆ. ಒಟ್ಟು 20.4 ಲಕ್ಷ, ಮಾರ್ಚ್‌ನಲ್ಲಿ ಮಿತಿ ದಾಟಿತು. ಸಂಬಳ ಮಾತ್ರ ಈ ಲೆಕ್ಕಕ್ಕಿಲ್ಲ. ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು, ತೆರಿಗೆ ದಾಟಿದ ದಿನದಿಂದಲೇ ಲಾಗೂ. ಒಪ್ಪಂದದಲ್ಲಿ "ಜಿಎಸ್‌ಟಿ ಪ್ರತ್ಯೇಕ" ಎಂಬ ಎರಡು ಪದ ಬರೆಯದಿದ್ದರೆ ಆ 20,000ದೊಳಗಿಂದಲೇ 18% ಲೆಕ್ಕದಲ್ಲಿ 3,051 ರೂಪಾಯಿ ಕಟ್ಟಿ, 16,949 ಎಣಿಸಿಕೊಳ್ಳಬೇಕು. ಜಿಎಸ್‌ಟಿ ನಂಬರ್ ಬಂದ ಮೇಲೆ ವೃತ್ತಿ ತೆರಿಗೆಯೂ ಇದೆ: ವರ್ಷಕ್ಕೆ 2,500.

ಹೊರರಾಜ್ಯದ ವಿದ್ಯಾರ್ಥಿ ಒಬ್ಬನಿದ್ದರೂ ಜಿಎಸ್‌ಟಿ ಕಡ್ಡಾಯ ಎಂಬ ಮಾತು ಇನ್ನೂ ಓಡಾಡುತ್ತಿದೆ. ಸೇವೆಗಳಿಗೆ 2017ರ ಅಕ್ಟೋಬರ್‌ನಲ್ಲೇ ಈ ವಿಷಯದಲ್ಲಿ ವಿನಾಯಿತಿ ಸಿಕ್ಕಿದೆ, 20 ಲಕ್ಷದವರೆಗೆ. ವಿದೇಶದವರ ಫೀಸು ಮಿತಿಯ ಲೆಕ್ಕಕ್ಕೆ ಸೇರುತ್ತದೆ. ನೋಂದಣಿ ಆದಮೇಲೆ ಎಲ್‌ಯುಟಿ (ಜಿಎಸ್‌ಟಿ ಇಲಾಖೆಗೆ ಕೊಡುವ ಮುಚ್ಚಳಿಕೆ) ಹಾಕಿ, ಅದನ್ನು ಸೇವೆಯ ರಫ್ತು ಎಂದು ತೆರಿಗೆಯಿಲ್ಲದೆ ಬಿಲ್ ಮಾಡಬಹುದು. ಆದರೆ ಡಲ್ಲಾಸ್‌ನಲ್ಲಿರುವ ಹುಡುಗನ ಫೀಸನ್ನು ಧಾರವಾಡದ ಅಪ್ಪ ಯುಪಿಐನಲ್ಲಿ ಹಾಕಿದರೆ ಅದು ರಫ್ತು ಅನ್ನಿಸಿಕೊಳ್ಳುವುದು ಕಷ್ಟ. ಹಣ ವಿದೇಶಿ ವಿನಿಮಯವಾಗಿ ಬರಬೇಕು, ಹಾಗೆ ಬಂದದ್ದಕ್ಕೆ ಬ್ಯಾಂಕಿನ ಪತ್ರ ಫೈಲಿನಲ್ಲಿರಬೇಕು.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿಕೊಳ್ಳಿ. ಸರ್ಕಾರಿ ಪೋರ್ಟಲ್‌ನಲ್ಲಿ ಆಧಾರ್ ಇದ್ದರೆ ಪುಕ್ಕಟೆ. ಹಣ ಕೇಳಿದರೆ ಅದು ಸರ್ಕಾರದ ಸೈಟ್ ಅಲ್ಲ. ಕಂಪನಿಗಳ ಸಿಬ್ಬಂದಿಗೆ ಮೆಂಟರಿಂಗ್ ಮಾಡುವವರಿಗೆ ಇದರ ನಿಜವಾದ ಲಾಭ: ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರಿ ಅವರು ನಿಮ್ಮ ಬಿಲ್ ತಡೆಹಿಡಿಯುವಂತಿಲ್ಲ.

ಷೇರು ಮಾರುಕಟ್ಟೆಯ "ಮೆಂಟರ್"ಗಳ ಕಥೆಯೇ ಬೇರೆ. ಯಾವ ಷೇರು ಕೊಳ್ಳಬೇಕೆಂದು ಫೀಸು ಪಡೆದು ಹೇಳುವುದಕ್ಕೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನೋಂದಣಿ ಬೇಕು. "ಇದು ಶಿಕ್ಷಣ ಮಾತ್ರ" ಎಂದು ಸ್ಲೈಡಿನ ಕೆಳಗೆ ಸಣ್ಣಕ್ಷರದಲ್ಲಿ ಹಾಕಿಕೊಂಡರೆ ಪಾರಾಗುವುದಿಲ್ಲ.

ಹದಿನೆಂಟು ತುಂಬದವರ ಜೊತೆ ಮಾಡಿಕೊಂಡ ಒಪ್ಪಂದ ಊರ್ಜಿತವಲ್ಲ. ತಂದೆ ಅಥವಾ ತಾಯಿಯ ಹೆಸರಲ್ಲಿ ಸಹಿ ಹಾಕಿಸಿ. ಅವರ ಅನುಮತಿಯಿಲ್ಲದೆ ಮಗುವಿನ ಫೋಟೊ, ಅಂಕಪಟ್ಟಿ ಇನ್‌ಸ್ಟಾಗೆ ಹಾಕಬೇಡಿ.

"100% ಕೆಲಸ ಗ್ಯಾರಂಟಿ" ಎಂಬ ಪೋಸ್ಟರ್ ಇದ್ದರೆ ಇಂದೇ ತೆಗೆಯಿರಿ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡವಿದೆ, ಎರಡನೇ ಸಲ 50 ಲಕ್ಷದವರೆಗೆ. "ಫೀಸು ಯಾವ ಕಾರಣಕ್ಕೂ ವಾಪಸ್ ಇಲ್ಲ" ಎಂಬ ಸಾಲನ್ನೂ ನಂಬಿ ಕೂರಬೇಡಿ. ಅದರ ಬದಲು ಹೀಗೆ ಬರೆಯಿರಿ: 12 ಸೆಷನ್, ತಲಾ 50 ನಿಮಿಷ, 24 ಗಂಟೆ ಮೊದಲು ತಿಳಿಸಿದರೆ ಬೇರೆ ದಿನ, ನಡುವೆ ಬಿಟ್ಟರೆ ಉಳಿದ ಸೆಷನ್‌ಗಳ ಹಣ ಇಷ್ಟು ದಿನದೊಳಗೆ ವಾಪಸ್. ಯಾಕೆಂದರೆ ಅದೇ ಕಾಯ್ದೆಯ ಪ್ರಕಾರ ದೂರುದಾರ ತಾನಿರುವ ಊರಿನ ಗ್ರಾಹಕ ಆಯೋಗದಲ್ಲೇ ಕೇಸು ಹಾಕಬಹುದು. ನೀವು ಹುಬ್ಬಳ್ಳಿಯಲ್ಲಿ, ವಿದ್ಯಾರ್ಥಿ ಗುವಾಹಟಿಯಲ್ಲಿ. ನೋಟಿಸ್ ಬರುವುದು ಗುವಾಹಟಿಯಿಂದ.