ಕನ್ಹೇರಿ ಬೆಟ್ಟ ಹತ್ತುವವರಿಗೆ: ಮೂರನೇ ಗುಹೆಗೇ ನಿಲ್ಲಬೇಡಿ

ಮುಂಬಯಿ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಬಹುಪಾಲು ಜನ ಕನ್ಹೇರಿಯಲ್ಲಿ ಬಸ್ಸಿಳಿದು, ಮೊದಲ ಮೂರು ಗುಹೆ ನೋಡಿ, ದೊಡ್ಡ ಬುದ್ಧನ ಎದುರು ಫೋಟೊ ತೆಗೆಸಿಕೊಂಡು ಮರಳಿಬಿಡುತ್ತಾರೆ. ಅಷ್ಟೊತ್ತಿಗೆ ಬೆಟ್ಟ ಇನ್ನೂ ಶುರುವೇ ಆಗಿರುವುದಿಲ್ಲ. ಬೌದ್ಧ ಭಿಕ್ಷುಗಳಿಗಾಗಿ ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು ಒಂದು ಹಳ್ಳದ ಎರಡೂ ಬದಿಯಲ್ಲಿ, ಸಾಲಿನ ಮೇಲೆ ಸಾಲಾಗಿ ನೆತ್ತಿಯವರೆಗೆ ಹಬ್ಬಿವೆ. ಸಾವಕಾಶವಾಗಿ ಹತ್ತಿ ಇಳಿಯಲು ಮೂರು ಗಂಟೆಯಾದರೂ ಬೇಕು. ಬಿಸಿಲೇರುವ ಮೊದಲು ಆ ಮೂರು ಗಂಟೆ ಕೈಯಲ್ಲಿರುವ ಹಾಗೆ ಹೊರಡಬೇಕು, ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಮೊದಲು ದಿನ ನೋಡಿಕೊಳ್ಳಿ. ಸೋಮವಾರ ಉದ್ಯಾನಕ್ಕೆ ರಜೆ. ಭಾನುವಾರ ಬಾಗಿಲು ತೆರೆದಿದ್ದರೂ ಒಳಗಿನ ಬಸ್ಸಿಗೆ ಉದ್ದ ಸಾಲು. ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ರಜೆ ಹಾಕಲು ಸಾಧ್ಯವಾದರೆ ಅದೇ ಒಳ್ಳೆಯದು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಹತ್ತಲು ಹದವಾದ ಕಾಲ. ಮಾರ್ಚ್ ದಾಟಿದ ಮೇಲೆ ಬರಿ ಬಂಡೆ ಹನ್ನೊಂದು ಗಂಟೆಗೇ ಕಾದು ಕುಳಿತಿರುತ್ತದೆ. ನೆತ್ತಿಯಲ್ಲಿ ನೆರಳೂ ಕಡಿಮೆ.

ಪಶ್ಚಿಮ ರೈಲ್ವೆ ಕಡೆಯವರಿಗೆ ದಾರಿ ಸುಲಭ. ಬೊರಿವಲಿಯಲ್ಲಿ ಇಳಿದು ಪೂರ್ವಕ್ಕೆ ಹೊರಬಂದರೆ ಗೇಟಿಗೆ ಇಪ್ಪತ್ತು ನಿಮಿಷದ ನಡಿಗೆ, ರಿಕ್ಷಾ ಬೇಕಿದ್ದರೆ ರಿಕ್ಷಾ. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮವರು ದಾದರ್‌ಗೆ ಹೋಗಿ ಗಾಡಿ ಬದಲಿಸುವ ಹಳೆಯ ರೂಢಿ ಬಿಟ್ಟುಬಿಡಬಹುದು. ಘಾಟ್ಕೋಪರ್‌ನಲ್ಲಿ ಮೆಟ್ರೊ ಹತ್ತಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಗುಂದವಲಿ ಸ್ಟೇಷನ್ನಿಗೆ ನಡೆದು 7ನೇ ಮಾರ್ಗದ ಮೆಟ್ರೊ ಹಿಡಿದರೆ ‘ರಾಷ್ಟ್ರೀಯ ಉದ್ಯಾನ’ ಎಂಬ ಹೆಸರಿನ ನಿಲ್ದಾಣವೇ ಇದೆ. ದಾದರ್‌ನ ನೂಕುನುಗ್ಗಲು ತಪ್ಪುವುದರಿಂದ ವಯಸ್ಸಾದವರು ಜತೆಗಿದ್ದರೆ ಈ ದಾರಿಯೇ ಮೇಲು. ಠಾಣೆಯಿಂದ ಘೋಡ್‌ಬಂದರ್ ರಸ್ತೆಯ ಬಸ್ಸುಗಳೂ ಬರುತ್ತವೆ, ಆದರೆ ಆ ರಸ್ತೆಯ ಟ್ರಾಫಿಕ್ ನಂಬಿ ಬೆಳಗಿನ ಹೊತ್ತನ್ನು ಪಣಕ್ಕಿಡಬೇಡಿ.

ಗೇಟಿನಿಂದ ಕನ್ಹೇರಿಗೆ ಸುಮಾರು ಆರು ಕಿಲೋಮೀಟರ್ ಡಾಂಬರು ರಸ್ತೆ. ನಡೆದರೆ ಒಂದೂವರೆ ಗಂಟೆ, ಬೆಟ್ಟಕ್ಕೆಂದು ಇಟ್ಟುಕೊಂಡ ಕಾಲಿನ ಕಸುವು ಅಲ್ಲೇ ಅರ್ಧ ಖರ್ಚಾಗುತ್ತದೆ. ಬಸ್ಸು ತುಂಬಿದ ಮೇಲೆ ಹೊರಡುತ್ತದೆ, ಹಾಗಾಗಿ ಬೆಳಿಗ್ಗೆ ಮೊದಲ ಬಸ್ಸಿಗೇ ಹತ್ತಿ. ಬಾಡಿಗೆ ಸೈಕಲ್ಲೂ ಸಿಗುತ್ತದೆ. ಸೈಕಲ್ ತೆಗೆದುಕೊಳ್ಳುವ ಮೊದಲು ಎರಡೂ ಬ್ರೇಕ್ ಒತ್ತಿ, ಹತ್ತು ಹೆಜ್ಜೆ ತುಳಿದು ನೋಡಿ. ಕನ್ಹೇರಿ ಹತ್ತಿರ ಬಂದಂತೆ ರಸ್ತೆ ಏರು, ಎಷ್ಟೋ ಜನ ಅಲ್ಲಿ ಇಳಿದು ತಳ್ಳುತ್ತಾರೆ. ತೊಂದರೆ ಅದಲ್ಲ. ಮರಳುವಾಗ ಅದೇ ಏರು ಇಳಿಜಾರಾಗುತ್ತದೆ, ತಿರುವಿನಲ್ಲಿ ಎದುರಿಗೆ ಬಸ್ಸು ಬರುತ್ತದೆ, ಸವೆದ ಬ್ರೇಕ್ ಆಗ ಕೈಕೊಡುತ್ತದೆ.

ಗುಹೆಗಳಿಗೆ ಪುರಾತತ್ವ ಇಲಾಖೆಯ ಟಿಕೆಟ್ ಬೇರೆ: ಭಾರತೀಯರಿಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಗೇಟಿನಲ್ಲಿ ಕೊಂಡ ಉದ್ಯಾನದ ಟಿಕೆಟ್ ಇಲ್ಲಿ ನಡೆಯುವುದಿಲ್ಲ. ಶೌಚಾಲಯದ ಕೆಲಸವನ್ನು ಕೆಳಗೇ ಮುಗಿಸಿಕೊಳ್ಳಿ, ನೀರನ್ನೂ ಇಲ್ಲೇ ತುಂಬಿಕೊಳ್ಳಿ. ತಲೆಗೆ ಎರಡು ಲೀಟರ್, ಸ್ಟೀಲ್ ಬಾಟಲಿಯಲ್ಲಿ. ತಿಂಡಿ ಬ್ಯಾಗಿನೊಳಗೇ ಇರಲಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಸರಸರ ಅಂದರೆ ಸಾಕು, ಕೋತಿಗಳು ಬಂದು ಎಳೆಯುತ್ತವೆ. ಎಳೆದಾಗ ಬಿಟ್ಟುಬಿಡಿ. ಕಚ್ಚಿಸಿಕೊಂಡರೆ ಆ ದಿನ ಮಾತ್ರವಲ್ಲ, ಮುಂದಿನ ಕೆಲವು ವಾರವೂ ರೇಬೀಸ್ ಇಂಜೆಕ್ಷನ್‌ಗೆ ಓಡಾಡಬೇಕು.

ಮೂರನೇ ಗುಹೆ ದೊಡ್ಡ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರ. ಮೊಗಸಾಲೆಯ ಎರಡು ತುದಿಗೆ ಸುಮಾರು ಏಳು ಮೀಟರ್ ಎತ್ತರದ ಬುದ್ಧರು, ಒಳಗೆ ಕಂಬಗಳ ಎರಡು ಸಾಲು, ಕೊನೆಯಲ್ಲಿ ಸ್ತೂಪ. ಇಲ್ಲಿ ಇಪ್ಪತ್ತು ನಿಮಿಷ ಸಾಕು, ಇಳಿಯುವಾಗ ಹೇಗೂ ಮತ್ತೆ ಸಿಗುತ್ತದೆ. ಮುಂದೆ 11ನೆಯದು, ದರ್ಬಾರ್ ಗುಹೆ. ನಡುವೆ ಉದ್ದಕ್ಕೂ ಎರಡು ತಗ್ಗಾದ ಕಲ್ಲಿನ ಜಗಲಿಗಳು. ಎಲ್ಲೋರ ನೋಡಿದವರಿಗೆ ಅಲ್ಲಿಯ 5ನೇ ಗುಹೆ ನೆನಪಾಗುತ್ತದೆ. ಕನ್ನಡಿಗರು ತಿಳಿದಿರಬೇಕಾದ ಇನ್ನೊಂದು ಸಂಗತಿ: ನಮ್ಮ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಶಾಸನಗಳು ಈ ಬೆಟ್ಟದಲ್ಲಿವೆ. 9ನೇ ಶತಮಾನದಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಇಲ್ಲಿಯ ಭಿಕ್ಷುಗಳಿಗೆ ಕೊಟ್ಟ ದಾನಗಳನ್ನು ಆ ಶಾಸನಗಳು ದಾಖಲಿಸುತ್ತವೆ. ಮಾನ್ಯಖೇಟದ ಅರಸನ ಹೆಸರು ಮುಂಬಯಿಯ ಬಂಡೆಯ ಮೇಲೆ ಇದೆ ಎಂಬುದನ್ನು ಮಕ್ಕಳಿಗೆ ಅಲ್ಲೇ ನಿಲ್ಲಿಸಿ ಹೇಳಿ.

ಇಲ್ಲಿಂದ ಮೇಲೆ ಜನ ವಿರಳ. 34ನೇ ಗುಹೆಯಲ್ಲಿ ತಲೆಯೆತ್ತಿ ನೋಡಿ, ಚಾವಣಿಯ ಮೇಲೆ ಬುದ್ಧನ ವರ್ಣಚಿತ್ರದ ಕುರುಹು ಉಳಿದಿದೆ. 41ರಲ್ಲಿ ಕರುಣೆಯ ಬೋಧಿಸತ್ವನಾದ ಅವಲೋಕಿತೇಶ್ವರ, ಹನ್ನೊಂದು ತಲೆಯವನು. 90ರಲ್ಲಿ ಕ್ರಿ.ಶ. 1009 ಮತ್ತು 1021ರಲ್ಲಿ ಬಂದುಹೋದ ಪಾರ್ಸಿಗಳು ಹಳೆಯ ಪರ್ಷಿಯಾದ ಪಹ್ಲವಿ ಲಿಪಿಯಲ್ಲಿ ಕೆತ್ತಿದ ಬರಹ. ಎಲ್ಲವನ್ನೂ ಒಂದೇ ದಿನ ಹುಡುಕುತ್ತ ಹೋದರೆ ಸುಸ್ತಾಗುತ್ತದೆ. ನಾಲ್ಕೈದು ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ಗುಹೆಗಿಂತಲೂ ನಿಂತು ನೋಡಬೇಕಾದದ್ದು ನೀರಿನ ವ್ಯವಸ್ಥೆ. ಬಹಳಷ್ಟು ವಿಹಾರಗಳ, ಅಂದರೆ ಭಿಕ್ಷುಗಳು ವಾಸಿಸುತ್ತಿದ್ದ ಗುಹೆಗಳ, ಬಾಗಿಲ ಪಕ್ಕ ನೆಲಮಟ್ಟದಲ್ಲಿ ಒಂದು ಚೌಕ ಬಾಯಿ ಇರುತ್ತದೆ. ಬಗ್ಗಿ ನೋಡಿದರೆ ಒಳಗೆ ಬಂಡೆ ಕೊರೆದು ಮಾಡಿದ ತೊಟ್ಟಿ. ಅಲ್ಲಿಂದ ಕಣ್ಣು ಮೇಲೆ ಹಾಯಿಸಿ: ಇಳಿಜಾರು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದು ತೊಟ್ಟಿಗೆ ಇಳಿಸುವ ಸಣ್ಣ ಕಾಲುವೆಗಳು ಕಾಣುತ್ತವೆ. ನಾಲ್ಕು ತಿಂಗಳು ಸುರಿದದ್ದನ್ನು ಎಂಟು ತಿಂಗಳು ಕುಡಿಯುವ ಲೆಕ್ಕಾಚಾರ. ಈಗ ಆ ನೀರು ಕುಡಿಯಲು ಅಲ್ಲ. ಮಕ್ಕಳ ಕೈ ಹಿಡಿದುಕೊಳ್ಳಿ, ಎಲ್ಲ ತೊಟ್ಟಿಗಳಿಗೂ ತಡೆ ಇಲ್ಲ.

ಬೆಟ್ಟದಲ್ಲಿ ಜಾರುವುದಕ್ಕೆ ಕಾರಣ ಎರಡು. ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳು ಕಿರಿದು, ಶತಮಾನಗಳ ಓಡಾಟಕ್ಕೆ ನಡುವೆ ಸವೆದು ಹೊರಮುಖವಾಗಿ ವಾಲಿವೆ. ಜತೆಗೆ ಮಳೆ ನಿಂತ ಎಷ್ಟೋ ದಿನದ ಮೇಲೂ ಬಂಡೆಯಿಂದ ನೀರು ಜಿನುಗುತ್ತದೆ, ಪಾಚಿ ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. ಕಪ್ಪು ಹೊಳಪಿನ ಜಾಗ ಬಿಟ್ಟು ಬೂದು ಬಣ್ಣದ ಒರಟು ಕಲ್ಲಿನ ಮೇಲೆ ಕಾಲಿಡಿ. ಇಳಿಯುವಾಗ ಪಾದವನ್ನು ಅಡ್ಡಕ್ಕೆ ತಿರುಗಿಸಿ ಇಡಿ, ಮೆಟ್ಟಿಲಿನ ಸವೆದ ನಡುಭಾಗ ಬಿಟ್ಟು ಬದಿಯಲ್ಲಿ ನಡೆಯಿರಿ. ಅಡಿ ಸವೆದ ಶೂ, ಚಪ್ಪಲಿ ಎರಡೂ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿರು ಕಣ್ತುಂಬುತ್ತದೆ, ನಿಜ. ಆದರೆ ಬೆಟ್ಟದ ನಡುವಿನ ಹಳ್ಳ ಜೋರು ಮಳೆಗೆ ನಿಮಿಷಗಳಲ್ಲಿ ಏರುತ್ತದೆ. ಬರಿ ಬಂಡೆ ಒಂದು ಹನಿಯನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ, ಎಲ್ಲವೂ ಒಟ್ಟಿಗೆ ಕೆಳಗೆ ಬರುತ್ತದೆ. ದಾಟಿ ಹೋದ ಮೇಲೆ ನೀರು ಏರಿದರೆ ಆಚೆ ಕಡೆಯ ಗುಹೆಯಲ್ಲೇ ಕುಳಿತು ಕಾಯಿರಿ. ಮಳೆ ನಿಂತರೆ ಹಾಗೆಯೇ ಇಳಿಯುತ್ತದೆ. ಕೈ ಕೈ ಹಿಡಿದು ಸರಪಳಿ ಮಾಡಿ ದಾಟುವ ಸಾಹಸ ಖಂಡಿತ ಬೇಡ.

ಮಧ್ಯಾಹ್ನ ಹನ್ನೆರಡರೊಳಗೆ ಕೆಳಗಿಳಿದರೆ ವಾಪಸ್ ಬಸ್ಸು ಆರಾಮ. ನಾಲ್ಕರ ಮೇಲೆ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಬಸ್ಸು ಸಿಗದೆ ಮುಸ್ಸಂಜೆಯಲ್ಲಿ ಆರು ಕಿಲೋಮೀಟರ್ ನಡೆಯುವ ಪರಿಸ್ಥಿತಿ ತಂದುಕೊಳ್ಳಬೇಡಿ, ಇದು ಚಿರತೆಗಳ ಕಾಡು, ಅವು ಓಡಾಡುವುದೂ ಆ ಹೊತ್ತಿಗೇ. ಚಿಕ್ಕ ಮಕ್ಕಳು ದೊಡ್ಡವರಿಂದ ಹಿಂದೆ ಬೀಳಬಾರದು. ಸಫಾರಿ ನೋಡುವ ಆಸೆಯಿದ್ದರೆ ಇಳಿದ ಮೇಲೆ ಇಟ್ಟುಕೊಳ್ಳಿ. ಮಂಡಿನೋವಿನ ಹಿರಿಯರು ಗೇಟಿನ ಹತ್ತಿರವೇ ಕುಳಿತಿರಬಹುದು.

ನೆತ್ತಿಯಿಂದ ಕಾಡಿನೊಳಕ್ಕೆ ಕಾಲುದಾರಿಗಳು ಕಾಣುತ್ತವೆ. ತುಳಸಿ ಕೆರೆಯ ಕಡೆಗೆ ಎಂದು ಯಾರಾದರೂ ಕರೆದರೂ ಹೋಗಬೇಡಿ, ಅನುಮತಿಯಿಲ್ಲದೆ ಅದು ಅಪರಾಧ. ಕಾಡಿನೊಳಗೇ ನಡೆಯಬೇಕೆಂದಿದ್ದರೆ ಶಿಲೋಂಡಾ ದಾರಿ ಇದೆ. ಉದ್ಯಾನದ ನಿಸರ್ಗ ಮಾಹಿತಿ ಕೇಂದ್ರದಲ್ಲಿ ಮೊದಲೇ ವಿಚಾರಿಸಿ, ಹೆಸರು ಕೊಟ್ಟು, ಗೈಡ್ ಜತೆ ಹೋಗಬೇಕು. ಮುಂಬಯಿಯ ಅತಿ ಎತ್ತರದ ಜಾಗವಾದ ಜಾಂಭುಳಮಾಳಕ್ಕೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊರಡುವಂತಿಲ್ಲ.