ಮೂರು ಗಂಟೆಗೆ ಬೆಲ್, ಆರರವರೆಗೆ ಯಾರು?

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಮಿಡ್ಲ್ ಸ್ಕೂಲ್ ಬಿಡುತ್ತದೆ. ಆರರಿಂದ ಎಂಟನೇ ಕ್ಲಾಸಿನ ಮಕ್ಕಳು. ಪಕ್ಕದ ಕುಪರ್ಟಿನೋದಲ್ಲಿ ನಮ್ಮವರ ಮಕ್ಕಳು ಅಲ್ಲಿಂದ ನೇರ ಟ್ಯೂಷನ್‌ಗೋ ಈಜಿಗೋ ಹೋಗುತ್ತಾರೆ. ಊರಿನ ಪೂರ್ವಕ್ಕೆ ಹೋದರೆ ಕಥೆ ಬೇರೆ. ಮೆಕ್ಸಿಕೋ, ವಿಯೆಟ್ನಾಂ ಕಡೆಯಿಂದ ಬಂದು ನೆಲೆಸಿದವರು ಅಲ್ಲಿ ಜಾಸ್ತಿ. ಅಪ್ಪ, ಅಮ್ಮ ಇಬ್ಬರೂ ದುಡಿಯುತ್ತಾರೆ, ಕೆಲವರು ಎರಡೆರಡು ಕಡೆ. ಮೂರು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ ಹೇಳಿ?

2002ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 49ಕ್ಕೆ, ಅಂದರೆ ಶಾಲೆ ಬಿಟ್ಟ ಮೇಲಿನ ಕಾರ್ಯಕ್ರಮಗಳಿಗೆ ರಾಜ್ಯದ ದುಡ್ಡು ಕೊಡುವ ಪ್ರಸ್ತಾವಕ್ಕೆ, ಒಪ್ಪಿಗೆ ಕೊಟ್ಟರು. ಅದರ ಪರ ಓಡಾಡಿದವರು ಸಿನಿಮಾದ ಆರ್ನಾಲ್ಡ್ ಶ್ವಾರ್ಜ್‌ನೆಗರ್, ಆಗಿನ್ನೂ ಗವರ್ನರ್ ಆಗಿರಲಿಲ್ಲ. ಆ ದುಡ್ಡಿನಲ್ಲಿ ನಡೆಯುವ ಆಫ್ಟರ್ ಸ್ಕೂಲ್ ಕಾರ್ಯಕ್ರಮ, ಶಾಲೆಯಿದ್ದ ದಿನವೆಲ್ಲ ಸಂಜೆ ಆರರವರೆಗಾದರೂ ತೆರೆದಿರಬೇಕು. ತಿಂಡಿ, ಹೋಂವರ್ಕ್, ಆಮೇಲೆ ಆಟವೋ ಚಿತ್ರವೋ.

ಅಂಥ ಒಂದು ಕಡೆ ನಾನು ವಾರಕ್ಕೊಮ್ಮೆ ಲೆಕ್ಕ ಹೇಳಿಕೊಡಲು ಹೋಗುತ್ತೇನೆ. ಸುಮ್ನೆ ಒಳಗೆ ಬಿಡುವುದಿಲ್ಲ. ಬೆರಳಚ್ಚು ಕೊಡಬೇಕು, ಟಿಬಿ ಇಲ್ಲ ಅಂತ ಕಾಗದ ತೋರಿಸಬೇಕು. ಮಕ್ಕಳ ವಿಷಯ ಅಲ್ವಾ, ಇರಲಿ.

ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಭಾಗಾಕಾರ ನೋಡಿದೆ. ಉತ್ತರ ಸರಿಯಿತ್ತು, ಆದರೆ ಗುಣಿಸಿ ಕಳೆಯುವ ಸಾಲುಗಳೇ ಇಲ್ಲ. ಉಳಿದ ಶೇಷ ಮಾತ್ರ ಒಂದರ ಕೆಳಗೊಂದು. ಸ್ಟೆಪ್ಸ್ ಇಲ್ಲ ಅಂತ ಅಂಕ ಹೋಗಿತ್ತು. ಕೇಳಿದರೆ, "ಅಮ್ಮ ಹೀಗೇ ಮಾಡೋದು" ಅಂದಳು. ಮೆಕ್ಸಿಕೋದಲ್ಲಿ ಆ ಕಳೆಯುವುದನ್ನೆಲ್ಲ ಬಾಯಿಲೆಕ್ಕದಲ್ಲೇ ಮುಗಿಸುತ್ತಾರಂತೆ. ಅಮ್ಮನಿಗೆ ಲೆಕ್ಕ ಚೆನ್ನಾಗೇ ಬರುತ್ತದೆ. ಸಾಲದೆ ಬಂದಿರುವುದು ಇಂಗ್ಲಿಷು, ಬಿಡುವು.

ಇನ್ನೊಂದೂ ಇದೆ. ಎಂಟನೇ ಕ್ಲಾಸಿನಲ್ಲಿ ಆಲ್ಜೀಬ್ರಾ ಮುಗಿಸಿದವರಿಗೆ ಹನ್ನೆರಡನೇ ಕ್ಲಾಸಿನ ಹೊತ್ತಿಗೆ ಕ್ಯಾಲ್ಕುಲಸ್ ತಾನಾಗಿ ಸಿಗುತ್ತದೆ. ಒಂಬತ್ತರಲ್ಲಿ ಶುರು ಮಾಡಿದವರು ಬೇಸಿಗೆ ರಜೆಯಲ್ಲೋ ಒಂದೇ ವರ್ಷ ಎರಡು ಕೋರ್ಸ್ ತೆಗೆದುಕೊಂಡೋ ಓಡಬೇಕು. ನಮ್ಮವರಿಗೆ ಇದು ಮಗು ಐದನೇ ಕ್ಲಾಸಿನಲ್ಲಿರುವಾಗಲೇ ಗೊತ್ತು, ವಾಟ್ಸಾಪ್ ಗುಂಪಿನಲ್ಲಿ ಅದೇ ಮಾತು. ಆ ಅಮ್ಮನಿಗೆ ಹೇಳುವವರು ಯಾರು? ಮೆಂಟರ್ ಅನ್ನಿಸಿಕೊಂಡವರ ಅರ್ಧ ಕೆಲಸ ಇದೇ ಅಂತ ನನಗನ್ನಿಸುತ್ತದೆ: ಯಾವ ಫಾರಂ, ಯಾವಾಗ, ಯಾರನ್ನು ಕೇಳಬೇಕು. ಭಿನ್ನರಾಶಿ ಆಮೇಲೆ.

ಒಂದು ಸಂಜೆ ಆ ಅಮ್ಮ ಮಗಳನ್ನು ಕರೆದೊಯ್ಯಲು ಬಂದರು. ಅಲ್ಲಿ ಕೆಲಸ ಮಾಡುವ ಕಾಲೇಜು ಹುಡುಗ ಇದನ್ನೆಲ್ಲ ಸ್ಪ್ಯಾನಿಷ್‌ನಲ್ಲಿ ವಿವರಿಸಿದ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: "ಚಿಕ್ಕವಳಿಗೂ ಈಗಲೇ ಹೆಸರು ಕೊಡಬಹುದಾ?" ಚಿಕ್ಕವಳು ಇನ್ನೂ ನಾಲ್ಕನೇ ಕ್ಲಾಸು.