ನಡು ಎಲ್ಲಿದೆ ಅಂತ ಚೀಟಿಯಲ್ಲಿ ಬರೆದಿರಲಿಲ್ಲ

ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆಯಲ್ಲಿ ಸರ್ಫ್‌ಬೋರ್ಡ್, ಅಂದರೆ ಕಡಲ ಅಲೆಯ ಮೇಲೆ ನಿಂತು ಜಾರುವ ಹಲಗೆ, ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಆರ್ಡರ್ ಬರೆದುಕೊಳ್ಳುವುದು, ಕಂಪ್ಯೂಟರಿನಲ್ಲಿ ಬೋರ್ಡಿನ ಫೈಲ್ ಮಾಡುವುದು, ಫೋಮ್ ಕೊರೆಯುವ ಮಷೀನ್ ಓಡಿಸುವುದು ನನ್ನ ಪಾಲಿಗೆ. ಮಷೀನಿನಿಂದ ಬಂದದ್ದನ್ನು ಕೈಯಲ್ಲಿ ತಿದ್ದಿ ಬೋರ್ಡ್ ಮಾಡುವವರು ನಮ್ಮ ಹಿರಿಯ ಶೇಪರ್. ವಯಸ್ಸು ಎಪ್ಪತ್ತು ದಾಟಿದೆ. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರುವುದಿಲ್ಲ. ಇಲ್ಲಿ ಅಜ್ಜ ಅಂತಲೇ ಬರೆಯುತ್ತೇನೆ.

ಕಳೆದ ವರ್ಷ ಅಜ್ಜನಿಗೆ ಒಂದು ಆಸೆ ಹುಟ್ಟಿತು. ಹುಡುಗನಾಗಿದ್ದಾಗ ತಾನು ಹತ್ತಿ ಕಲಿತ 'ಪಿಗ್' ಬೋರ್ಡನ್ನು ಮತ್ತೆ ಮಾಡಬೇಕು.

ಪಿಗ್ ಅಂದರೆ 1955ರಲ್ಲಿ ಡೇಲ್ ವೆಲ್ಜಿ ಎಂಬ ಶೇಪರ್ ಇದೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ತಂದ ಆಕಾರ. ಆಗ ಬೋರ್ಡುಗಳು ಬಾಲ್ಸಾ ಮರದವು, ಬೆಂಡಿನ ಹಾಗೆ ಹಗುರ ಮರ. ವೆಲ್ಜಿ ಬೋರ್ಡಿನ ಅತಿ ಅಗಲದ ಜಾಗವನ್ನು ಹಿಂದಕ್ಕೆ ಸರಿಸಿದರು. ಮೂತಿ ಕಿರಿದು, ಹಿಂಭಾಗ ತುಂಬಿಕೊಂಡದ್ದು, ಬಾಲದ ತುದಿಯಲ್ಲಿ ದೊಡ್ಡ ಫಿನ್, ಅಂದರೆ ತಳದಲ್ಲಿ ನೀರಿಗೆ ಇಳಿಯುವ ರೆಕ್ಕೆ. ಸರ್ಫ್ ಮಾಡುವವನು ಹಿಂದೆ ನಿಂತಾಗ ಆ ಅಗಲ ಅವನ ಕಾಲ ಹತ್ತಿರವೇ ಇರುತ್ತದೆ. ಒಂದು ಕಡೆ ಭಾರ ಹಾಕಿದರೆ ಸಾಕು, ಬೋರ್ಡ್ ತಿರುಗುತ್ತದೆ. 1967-68ರ ಹೊತ್ತಿಗೆ ಗಿಡ್ಡ ಬೋರ್ಡುಗಳ ಗಾಳಿ ಬೀಸಿತು. ಎಷ್ಟೋ ಹುಡುಗರು ತಮ್ಮ ಉದ್ದ ಬೋರ್ಡಿನ ಫೈಬರ್‌ಗ್ಲಾಸ್ ಸುಲಿದು, ಒಳಗಿನ ಫೋಮನ್ನೇ ಕೆತ್ತಿ ಗಿಡ್ಡದು ಮಾಡಿಕೊಂಡರು. ಹಾಗಾಗಿ ಹಳೆಯವು ಜಾಸ್ತಿ ಉಳಿದಿಲ್ಲ.

ಅಜ್ಜನ ಹತ್ತಿರ ಒಂದು ಉಳಿದಿತ್ತು. ಫೋಮಿನದು, 9 ಅಡಿ 6 ಇಂಚು. ಬಿಸಿಲಿಗೆ ಚಹಾ ಬಣ್ಣಕ್ಕೆ ತಿರುಗಿತ್ತು. ಅಂಚೆಲ್ಲ ಪೆಟ್ಟು ತಿಂದು ಹಲ್ಲು ಬಿದ್ದ ಬಾಚಣಿಗೆಯ ಹಾಗಿತ್ತು.

ನಾನು ಟೇಪ್ ಹಿಡಿದು ಅಳೆದೆ. ನಮ್ಮ ಆರ್ಡರ್ ಚೀಟಿಯಲ್ಲಿ ಅಗಲಕ್ಕೆ ಮೂರೇ ಜಾಗ. ಮೂತಿಯಿಂದ 12 ಇಂಚು ಒಳಗೆ ಎಷ್ಟು, ಅತಿ ಅಗಲದ ಕಡೆ ಎಷ್ಟು, ಬಾಲದಿಂದ 12 ಇಂಚು ಒಳಗೆ ಎಷ್ಟು. 16.5, 23, 16 ಅಂತ ಬರೆದುಕೊಂಡೆ. ದಪ್ಪ ಮತ್ತು ಬಾಗು ಕೂಡ ಅಳೆದೆ. ಅಂಚು ಹಾಳಾಗಿದೆ, ಗೀಟು ಎಳೆದು ಏನು ಪ್ರಯೋಜನ ಅಂದುಕೊಂಡು ಆಕಾರವನ್ನು ಕಾಗದಕ್ಕೆ ಇಳಿಸಲಿಲ್ಲ. ಅಂಕಿ ಹಾಕಿದೆ, ಕಂಪ್ಯೂಟರ್ ಅವುಗಳ ನಡುವೆ ನುಣುಪಾದ ಗೆರೆ ಎಳೆದು ಕೊಟ್ಟಿತು. ನೋಡಲು ಚೆನ್ನಾಗಿತ್ತು. ಮಷೀನಿಗೆ ಕಳಿಸಿದೆ.

ಮರುದಿನ ಅಜ್ಜ ಶೇಪಿಂಗ್ ಕೋಣೆಗೆ ಬಂದರು. ಆ ಕೋಣೆಯ ಗೋಡೆ ಗಾಢ ನೀಲಿ. ಟ್ಯೂಬ್‌ಲೈಟುಗಳು ಎರಡೂ ಪಕ್ಕದಲ್ಲಿ, ಸೊಂಟದ ಮಟ್ಟದಲ್ಲಿ ಇವೆ. ಬೆಳಕು ಪಕ್ಕದಿಂದ ಬಿದ್ದಾಗ ಬಿಳಿ ಫೋಮಿನ ಮೇಲಿನ ಸಣ್ಣ ಉಬ್ಬು ತಗ್ಗಿಗೂ ನೆರಳು ಬರುತ್ತದೆ. ಅವರು ಫೋಮ್ ಹೆರೆಯುವ ಪ್ಲೇನರ್ ಮುಟ್ಟಲಿಲ್ಲ. ಬಾಲದ ಕಡೆ ನಿಂತು ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ಗಂಗೊಳ್ಳಿಯಲ್ಲಿ ದೋಣಿ ಕಟ್ಟುವ ಆಚಾರಿಯವರು ಹಲಗೆ ನೋಡುತ್ತಿದ್ದದ್ದೂ ಹೀಗೇ, ಚಿಕ್ಕಂದಿನಲ್ಲಿ ಕಂಡಿದ್ದೆ. ಆಮೇಲೆ ಎರಡೂ ಅಂಗೈಯನ್ನು ಎರಡೂ ಅಂಚಿನ ಮೇಲಿಟ್ಟು ಮೂತಿಯ ತನಕ ಮೆಲ್ಲಗೆ ನಡೆದರು.

"ಒಳ್ಳೆಯ ಬೋರ್ಡ್. ಆದರೆ ಇದು ಪಿಗ್ ಅಲ್ಲ."

ನಾನು ಟೇಪ್ ತಂದು ತೋರಿಸಿದೆ. 16.5, 23, 16. ಮೂರೂ ಸರಿ. ಅಜ್ಜ ವಾದ ಮಾಡಲಿಲ್ಲ. "ಆ 23 ಎಲ್ಲಿದೆ, ಅದನ್ನು ಅಳೆ" ಅಂದರು. ಮೂತಿಯಿಂದ 57 ಇಂಚಿಗೆ ಇತ್ತು, ಅಂದರೆ ಸರಿಯಾಗಿ ಮಧ್ಯದಲ್ಲಿ. ಹಳೆಯ ಬೋರ್ಡ್ ಅಳೆದೆ. 62ಕ್ಕೆ ಇತ್ತು.

ಐದು ಇಂಚು. ಆ ಆಕಾರದ ಜೀವವೇ ಆ ಐದು ಇಂಚಿನಲ್ಲಿತ್ತು. ಕನ್ನಡದಲ್ಲಿ ನಡು ಅಂದರೆ ಮಧ್ಯವೂ ಹೌದು, ಸೊಂಟವೂ ಹೌದು. ಈ ಬೋರ್ಡಿನಲ್ಲಿ ಅವೆರಡೂ ಬೇರೆ ಬೇರೆ ಕಡೆ ಇವೆ. ಚೀಟಿ ಸೊಂಟ ಎಷ್ಟು ಅಂತ ಕೇಳುತ್ತಿತ್ತು, ಎಲ್ಲಿ ಅಂತ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ನಾವು ದಿನಾ ಮಾಡುವ ಬೋರ್ಡುಗಳ ಸೊಂಟ ಮಧ್ಯದ ಆಸುಪಾಸಿನಲ್ಲೇ ಇರುವುದರಿಂದ ಇಷ್ಟು ವರ್ಷ ಈ ಕೊರತೆ ಯಾರಿಗೂ ಕಂಡಿರಲಿಲ್ಲ.

ಕೊರೆದ ಫೋಮನ್ನು ಮತ್ತೆ ಅಗಲ ಮಾಡಲು ಬರುವುದಿಲ್ಲ, ಅಲ್ವಾ. ಅದು ಬೇರೆ ಆರ್ಡರಿಗೆ ಹೋಯಿತು. ಈ ಸಲ ಅಜ್ಜ ನನ್ನ ಕೈಯಲ್ಲೇ ಟೆಂಪ್ಲೇಟ್, ಅಂದರೆ ಆಕಾರದ ಮಾದರಿ ಹಲಗೆ, ಮಾಡಿಸಿದರು. ಹಳೆಯ ಬೋರ್ಡಿನ ಕೆಳಗೆ ದೊಡ್ಡ ಕಾಗದ ಹಾಸಿ, ಪೆನ್ಸಿಲನ್ನು ನೇರ ನಿಲ್ಲಿಸಿ ಅಂಚಿಗೆ ತಾಗಿಸಿಕೊಂಡು ಗೀಟು ಎಳೆದೆವು. ಪೆಟ್ಟು ಬಿದ್ದ ಕಡೆ ಗೆರೆ ಹಾರಿ ಹೋಗುತ್ತಿತ್ತು. ಚೆನ್ನಾಗಿದ್ದ ಜಾಗಗಳಲ್ಲಿ ಸಣ್ಣ ಮೊಳೆ ಹೊಡೆದು, ತೆಳುವಾದ ಮರದ ಪಟ್ಟಿಯನ್ನು ಅವುಗಳಿಗೆ ಒರಗಿಸಿ ಬಗ್ಗಿಸಿದರು. ಹಾಳಾದ ಕಡೆ ಗೆರೆ ಎಲ್ಲಿ ಹೋಗಬೇಕು ಅಂತ ಆ ಪಟ್ಟಿಯೇ ತೋರಿಸಿತು. ಅರ್ಧ ಆಕಾರವನ್ನಷ್ಟೇ ಹಾರ್ಡ್‌ಬೋರ್ಡಿಗೆ ಇಳಿಸಿ ಕತ್ತರಿಸಿದೆವು. ಅದನ್ನೇ ಮಗುಚಿ ಹಾಕಿದರೆ ಇನ್ನೊಂದು ಪಕ್ಕ. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜುವಾಗ "ಕಣ್ಣು ಮುಚ್ಚಿಕೊಂಡು ಬೆರಳು ಓಡಿಸು" ಅಂದರು. ಕಣ್ಣಿಗೆ ಕಾಣದ ಒಂದು ಉಬ್ಬು ಬಾಲದ ಹತ್ತಿರ ಬೆರಳಿಗೆ ಸಿಕ್ಕಿತು. ಅವತ್ತು ನನಗಾದ ಖುಷಿ ಇನ್ನೂ ಹಾಗೇ ಇದೆ.

ಆಮೇಲಿನ ಕೆಲಸ ಅವರದೇ. ತಳವನ್ನು ತುಸು ದುಂಡಗೆ ಬಿಟ್ಟರು, ಅಂಚುಗಳನ್ನು ಎಲ್ಲೂ ಚೂಪು ಮಾಡದೆ ಮೃದುವಾಗಿ ತಿರುಗಿಸಿದರು. ಮೇಲೆ 10 ಔನ್ಸಿನ ದಪ್ಪ ಗಾಜುಬಟ್ಟೆ. ಬೋರ್ಡ್ ಭಾರವಾಯಿತು. ಇಂಥ ಬೋರ್ಡಿಗೆ ಭಾರ ಬೇಕು, ಅಲೆ ಸೋತರೂ ಅದು ತನ್ನ ಓಟ ಬಿಡುವುದಿಲ್ಲ. ಹತ್ತಿರದ ಸ್ಯಾನ್ ಓನೋಫ್ರೆ ಕಡಲತೀರದ ನಿಧಾನದ ಅಲೆಗಳಲ್ಲಿ ನೀರಿಗಿಳಿಸಿದೆವು. ಹಿಂದೆ ನಿಂತು ಒಂದು ಹೆಜ್ಜೆ ಒತ್ತಿದರೆ ಸಾಕು, ಅಷ್ಟುದ್ದದ ಬೋರ್ಡ್ ತಿರುಗಿತು.

ಟೆಂಪ್ಲೇಟ್ ಈಗ ಕೋಣೆಯ ಮೊಳೆಯಲ್ಲಿದೆ. ಮೇಲೆ ಅಜ್ಜನ ಪೆನ್ಸಿಲ್ ಅಕ್ಷರ: ಮಧ್ಯದಿಂದ 5 ಹಿಂದೆ. ಮೂಲ್ಕಿ, ಸಸಿಹಿತ್ಲು ಕಡೆ ಬೋರ್ಡ್ ರಿಪೇರಿ ಮಾಡುವ ಗೆಳೆಯರೇ, ನಿಮ್ಮ ಕೈಗೆ ಹಳೆಯ ಬೋರ್ಡ್ ಬಂದರೆ ಟೇಪಿಗಿಂತ ಮೊದಲು ಕಾಗದ ಹಾಸಿ ಗೀಟು ಎಳೆದಿಡಿ.

ನಮ್ಮ ಚೀಟಿಗೆ ನಾಲ್ಕನೆಯ ಸಾಲು ಸೇರಿಸಿದ್ದೇನೆ: ಅತಿ ಅಗಲ ಎಲ್ಲಿ, ಮಧ್ಯದಿಂದ ಎಷ್ಟು ಹಿಂದೆ ಅಥವಾ ಮುಂದೆ. ಇವತ್ತು ಒಬ್ಬ ಗಿರಾಕಿಗೆ ಅದನ್ನು ಕೇಳಿದೆ. ಗೊತ್ತಿಲ್ಲ ಅಂದರು. ಹಾಗಾದರೆ ನಿಮಗಿಷ್ಟವಾದ ಹಳೆಯ ಬೋರ್ಡ್ ತನ್ನಿ ಅಂದೆ. ನಾಳೆ ತರುತ್ತಾರೆ. ನೆಲದ ಮೇಲೆ ಕಾಗದ ಹಾಸಿಟ್ಟಿದ್ದೇನೆ.